ಮುಕ್ತ ತಂತ್ರಾಂಶವೂ ಬರಹದ ಒಡೆತನವೂ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಆ ಕಾಲದಲ್ಲಿ ಗ್ರಂಥವೊಂದನ್ನು ಪ್ರತಿಮಾಡುವುದಕ್ಕೆ ಬೇಕಾಗಿದ್ದುದು ಓಲೆ, ಕಂಟ, ಲಿಪಿ ಬಲ್ಲ ಒಬ್ಬ ಲಿಪಿಕಾರ, ಇಷ್ಟೇ. ಬರೆದುದನ್ನು ಮುಂದೆ ಯಾವಾಗಲಾದರೂ ಓದುವುದಕ್ಕೆ ಓಲೆಯನ್ನು ಮಾರಿದವನ ಅಪ್ಪಣೆಯಾಗಲಿ, ಕಂಟವನ್ನು ಮಾಡಿಕೊಟ್ಟ ಕಮ್ಮಾರನ ಅಪ್ಪಣೆಯಾಗಲಿ ಬೇಕಾಗಿರಲಿಲ್ಲ. ಗಣಕಯಂತ್ರದಲ್ಲಿ ಬರೆದಿಟ್ಟ ಬರಹದ ಸ್ಥಿತಿ ಹಾಗಿಲ್ಲ. ಅದನ್ನು ಬರೆಯಿಸಿದ ತಂತ್ರಾಂಶವು ಇಲ್ಲವಾದರೆ, ಅಥವಾ ಅದರ ಪರವಾನಗಿಯ ಅವಧಿ ತೀರಿದರೆ, ಬರೆದವನಿಗೇ ತನ್ನ ಬರಹವು ಅಪರಿಚಿತವಾಗಬಹುದು. ಕಳೆದ ನಾಲ್ಕು ದಶಕಗಳಿಂದ ಮುಕ್ತ ತಂತ್ರಾಂಶದ ಹೆಸರಿನಲ್ಲಿ ನಡೆದುಬಂದಿರುವ ಚಳವಳಿಯು ಮುಖ್ಯವಾಗಿ ಈ ಒಡೆತನದ ಪ್ರಶ್ನೆಯನ್ನು ಎತ್ತಿಕೊಂಡದ್ದು. ಹಣದ ಉಳಿತಾಯವು ಅದರ ಒಂದು ಫಲವೇ ಹೊರತು ಮೂಲೋದ್ದೇಶವಲ್ಲ.

ತಂತ್ರಾಂಶವೆಂಬುದು ಯಂತ್ರಕ್ಕೆ ಕೊಡುವ ಆಜ್ಞೆಗಳ ಸಮೂಹ. ಅದಕ್ಕೆ ಎರಡು ರೂಪಗಳುಂಟು. ಮನುಷ್ಯನು ಬರೆದು ಮನುಷ್ಯನೇ ಓದಿ ತಿದ್ದಬಹುದಾದ ರೂಪವು ಮೊದಲನೆಯದು. ಇದಕ್ಕೆ ಮೂಲಸಂಕೇತವೆಂದು ಹೆಸರು. ಯಂತ್ರಕ್ಕೆ ಮಾತ್ರ ತಿಳಿಯುವ, ಸೊನ್ನೆ ಒಂದುಗಳ ಸಾಲಾಗಿ ಮಾರ್ಪಟ್ಟ ರೂಪವು ಎರಡನೆಯದು. ವಾಣಿಜ್ಯ ಸಂಸ್ಥೆಗಳು ಸಾಮಾನ್ಯವಾಗಿ ಬಳಕೆಗೆ ಕೊಡುವುದು ಎರಡನೆಯದನ್ನು, ಮೊದಲನೆಯದನ್ನು ಗುಟ್ಟಾಗಿಡುತ್ತವೆ. ವೈದ್ಯನು ಕಷಾಯವನ್ನು ಕೊಟ್ಟು ಅದರ ಯೋಗವನ್ನು ಮುಚ್ಚಿಟ್ಟಂತೆ ಇದು. ಮುಕ್ತ ತಂತ್ರಾಂಶದಲ್ಲಾದರೋ ಯೋಗವನ್ನೂ ಕೂಡಿಯೇ ಕೊಡಬೇಕು. ಯಾವ ಉದ್ದೇಶಕ್ಕಾದರೂ ಅದನ್ನು ಬಳಸುವ, ಅದರ ಒಳಗನ್ನು ಪರಿಶೀಲಿಸಿ ತಿದ್ದಿಕೊಳ್ಳುವ, ಪ್ರತಿಮಾಡಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ಹಕ್ಕುಗಳು ಬಳಸುವವನಿಗೆ ಇರಬೇಕೆಂಬುದು ಈ ಪಂಥದ ಮೂಲಸೂತ್ರ.

ಹೆಸರಿನ ವಿಷಯದಲ್ಲಿ ಇಲ್ಲಿ ಒಂದು ಮಾತನ್ನು ಹೇಳಬಹುದು. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದಕ್ಕೆ ಬಿಡುಗಡೆ ಹೊಂದಿದ್ದು ಎಂದೂ ಬೆಲೆಯಿಲ್ಲದ್ದು ಎಂದೂ ಎರಡರ್ಥ. ಈ ದ್ವ್ಯರ್ಥದಿಂದ ಚಳವಳಿಯವರು ಪಟ್ಟ ಪಾಡು ಸಣ್ಣದಲ್ಲ. ಕೊನೆಗೆ ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಿಂದ ‘ಲಿಬ್ರೆ’ ಎಂಬ ಶಬ್ದವನ್ನು ಎರವಲು ತಂದರು. ಕನ್ನಡಕ್ಕೆ ಆ ತೊಡಕಿಲ್ಲ. ‘ಮುಕ್ತ’ವೇ ಬೇರೆ, ‘ಬಿಟ್ಟಿ’ಯೇ ಬೇರೆ. ಆದರೂ ಕನ್ನಡದ ಪತ್ರಿಕೆಗಳು ಮುಕ್ತ ತಂತ್ರಾಂಶವನ್ನು ಎಷ್ಟೋ ಸಲ ‘ಉಚಿತ ತಂತ್ರಾಂಶ’ವೆಂದು ಬರೆಯುವುದುಂಟು. ಸಂಸ್ಕೃತದಲ್ಲಿ ‘ಉಚಿತ’ವೆಂದರೆ ಯೋಗ್ಯವಾದುದು, ಕನ್ನಡದಲ್ಲಿ ಅದು ಕ್ರಯವಿಲ್ಲದ್ದೆಂಬ ಅರ್ಥಕ್ಕೆ ತಿರುಗಿದೆ. ಬೆಲೆಯಿಲ್ಲದೆ ದೊರೆತರೂ ಮೂಲಸಂಕೇತವನ್ನು ಮುಚ್ಚಿಟ್ಟ ತಂತ್ರಾಂಶಗಳು ಹಲವಿವೆ; ಹಣ ಪಡೆದು ಮಾರಿದರೂ ಮುಕ್ತವಾಗಿಯೇ ಉಳಿದ ತಂತ್ರಾಂಶಗಳೂ ಇವೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ವಿಷಯವೇ ಕೈತಪ್ಪಿಹೋಗುತ್ತದೆ.

ತಂತ್ರಾಂಶವು ಮೊದಲಿನಿಂದಲೂ ಮಾರಾಟದ ಸರಕಾಗಿರಲಿಲ್ಲ. ೧೯೫೦ ಮತ್ತು ೬೦ರ ದಶಕಗಳಲ್ಲಿ ಅದು ಯಂತ್ರದ ಜತೆಗೇ ಬರುತ್ತಿತ್ತು. ಯಂತ್ರವನ್ನು ಬಳಸುವವರು ತಾವು ಬರೆದ ಸಂಕೇತಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರು. ೧೯೬೯ರಲ್ಲಿ ಐಬಿಎಂ ಸಂಸ್ಥೆಯು ಯಂತ್ರಕ್ಕೆ ಬೇರೆ, ತಂತ್ರಾಂಶಕ್ಕೆ ಬೇರೆ ಬೆಲೆಯಿಡುವುದಾಗಿ ಘೋಷಿಸಿತು. ೧೯೭೬ರಲ್ಲಿ ತರುಣ ಬಿಲ್ ಗೇಟ್ಸರು ಹವ್ಯಾಸಿ ಗಣಕಪ್ರಿಯರಿಗೆ ಒಂದು ಬಹಿರಂಗ ಪತ್ರವನ್ನು ಬರೆದು, ಆಲ್ಟೇರ್ ಯಂತ್ರವಿದ್ದವರಲ್ಲಿ ನೂರಕ್ಕೆ ಹತ್ತು ಮಂದಿಯೂ ತಮ್ಮ ಬೇಸಿಕ್ ತಂತ್ರಾಂಶವನ್ನು ಕೊಂಡಿಲ್ಲವೆಂದೂ ಉಳಿದವರು ಅದನ್ನು ಕದ್ದು ಬಳಸುತ್ತಿರುವರೆಂದೂ ಆಕ್ಷೇಪಿಸಿದರು. ಅವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಶ್ರಮಕ್ಕೆ ಪ್ರತಿಫಲ ಬೇಕೆಂಬುದು ನ್ಯಾಯವೇ. ಆದರೆ ಹಂಚಿಕೊಳ್ಳುವುದು ಸಹಜ ನಡತೆಯಾಗಿದ್ದ ಒಂದು ಸಮಾಜದಲ್ಲಿ ಅದೇ ನಡತೆಯು ಕಳ್ಳತನವೆನಿಸಿಕೊಂಡದ್ದು ಈ ಹೊತ್ತಿನಲ್ಲಿಯೇ ಎಂಬುದನ್ನು ಗಮನಿಸಬೇಕು.

ಇದಕ್ಕೆ ಪ್ರತಿಯಾಗಿ ಎದ್ದು ನಿಂತವರು ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್. ಅವರ ಹಟಕ್ಕೆ ಬೀಜವಾದುದು ಒಂದು ಮುದ್ರಣಯಂತ್ರ. ಪ್ರಯೋಗಶಾಲೆಯ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಾಗ ಮುದ್ರಣಕ್ಕಾಗಿ ಕಾಯುತ್ತಿದ್ದವರಿಗೆ ಸುದ್ದಿ ಮುಟ್ಟುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. ೧೯೮೦ರ ಸುಮಾರಿಗೆ ಜೆರಾಕ್ಸ್ ಸಂಸ್ಥೆಯ ಹೊಸ ಯಂತ್ರ ಬಂದಿತು. ಅದರ ಮೂಲಸಂಕೇತ ಬರಲಿಲ್ಲ. ಆ ಸಂಕೇತವು ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕನೊಬ್ಬನ ಬಳಿಯಿತ್ತು. ಕೇಳಹೋದಾಗ, ಯಾರಿಗೂ ಕೊಡುವುದಿಲ್ಲವೆಂದು ಸಂಸ್ಥೆಗೆ ಬರೆದುಕೊಟ್ಟಿರುವೆನೆಂದು ಆತನು ನಿರಾಕರಿಸಿದನು. ಒಬ್ಬ ವಿದ್ವಾಂಸನು ಮತ್ತೊಬ್ಬ ವಿದ್ವಾಂಸನಿಗೆ ತನಗೆ ತಿಳಿದುದನ್ನು ಹೇಳಿಕೊಡಲಾರದಂತೆ ಕರಾರುಪತ್ರವೊಂದು ನಡುವೆ ನಿಂತದ್ದು ಸ್ಟಾಲ್‌ಮನ್ನರನ್ನು ಕೆಣಕಿತು. ೧೯೮೩ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಸಂಪೂರ್ಣ ಮುಕ್ತ ವ್ಯವಸ್ಥೆಯನ್ನು ಕಟ್ಟುವುದಾಗಿ ಪ್ರಕಟಿಸಿ, ಮರುವರ್ಷದ ಆರಂಭದಲ್ಲಿ ಉದ್ಯೋಗವನ್ನು ಬಿಟ್ಟರು. ೧೯೮೫ರಲ್ಲಿ ಈ ಕಾರ್ಯಕ್ಕಾಗಿ ಒಂದು ಪ್ರತಿಷ್ಠಾನವೂ ಏರ್ಪಟ್ಟಿತು.

ಅವರ ಕೊಡುಗೆಗಳಲ್ಲಿ ಅತ್ಯಂತ ಚತುರವಾದುದು ತಂತ್ರಾಂಶವಲ್ಲ, ೧೯೮೯ರಲ್ಲಿ ಹೊರಬಂದ ಒಂದು ಪರವಾನಗಿಪತ್ರ. ಕೃತಿಯನ್ನು ಸಾರ್ವಜನಿಕರಿಗೆ ಸುಮ್ಮನೆ ಬಿಟ್ಟುಕೊಟ್ಟರೆ ಯಾರಾದರೊಬ್ಬರು ಅದನ್ನು ಎತ್ತಿಕೊಂಡು, ಅಲ್ಪಸ್ವಲ್ಪ ಮಾರ್ಪಡಿಸಿ, ಬೇಲಿ ಹಾಕಿ ಮಾರಬಹುದು. ಇದನ್ನು ತಡೆಯುವುದಕ್ಕಾಗಿ ಸ್ಟಾಲ್‌ಮನ್ನರು ಕೃತಿಸ್ವಾಮ್ಯದ ಕಾನೂನನ್ನೇ ಉಪಯೋಗಿಸಿಕೊಂಡರು. ಕೃತಿಯ ಮೇಲೆ ಕರ್ತೃವಿನ ಹಕ್ಕು ಇದ್ದೇ ಇದೆ. ಆ ಹಕ್ಕಿನ ಬಲದಿಂದ ಆತನು ಎಲ್ಲರಿಗೂ ಅನುಮತಿ ಕೊಡುತ್ತಾನೆ. ಆದರೆ ತಿದ್ದಿ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನು ಅದೇ ನಿಬಂಧನೆಗಳೊಡನೆ ಮುಂದಿನವನಿಗೂ ಕೊಡತಕ್ಕದ್ದು. ಹೀಗೆ, ಬೇಲಿ ಹಾಕುವುದಕ್ಕಾಗಿ ಹುಟ್ಟಿದ ಕಾನೂನು ಬೇಲಿ ಹಾಕದಂತೆ ಕಾಯುವ ಕೆಲಸಕ್ಕೆ ಬಂದಿತು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಮರುವರ್ಷ ಇದೇ ಪರವಾನಗಿಯ ಆಶ್ರಯಕ್ಕೆ ಬಂದುದರಿಂದ ಗ್ನೂ ವ್ಯವಸ್ಥೆಗೆ ಕೊರತೆಯಾಗಿದ್ದ ತಿರುಳೂ ದೊರೆಯಿತು. ಮುಂದಿನ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಲೋಕದ ದೊಡ್ಡ ಗಣಕಗಳಲ್ಲಿಯೂ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಇಂದು ಇರುವುದು ಅದೇ ತಿರುಳು.

ಬಲಾಢ್ಯವಾದ ವಾಣಿಜ್ಯ ತಂತ್ರಾಂಶಕ್ಕೆ ಬದಲಾಗಿ ಮುಕ್ತವಾದುದೊಂದನ್ನು ಮುಂದಿಟ್ಟು, ‘ಅದರ ಬದಲು ಇದನ್ನು ಬಳಸಿ’ ಎಂದು ಜನರನ್ನು ಒಲಿಸುವ ಬಳಗಗಳು ಬೆಳೆದುದು ಇದಾದ ಮೇಲೆ. ಅವುಗಳ ಬಲವನ್ನು ತೋರಿಸುವ ಪ್ರಸಂಗವೊಂದುಂಟು. ಬ್ಲೆಂಡರ್ ಎಂಬ ಚಲಚ್ಚಿತ್ರ ರಚನೆಯ ತಂತ್ರಾಂಶವು ಡಚ್ ಸಂಸ್ಥೆಯೊಂದರ ಸ್ವತ್ತಾಗಿದ್ದಿತು. ೨೦೦೨ರಲ್ಲಿ ಆ ಸಂಸ್ಥೆ ಮುಚ್ಚಿದಾಗ, ಒಂದು ಲಕ್ಷ ಯೂರೋ ಕೊಟ್ಟರೆ ಮೂಲಸಂಕೇತವನ್ನು ಬಿಟ್ಟುಕೊಡುವುದಾಗಿ ಹೂಡಿಕೆದಾರರು ಒಪ್ಪಿದರು. ಬಳಕೆದಾರರು ಏಳು ವಾರಗಳಲ್ಲಿ ಚಂದಾ ಎತ್ತಿ ಹಣವನ್ನು ಒಪ್ಪಿಸಿದರು. ೨೦೨೫ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆದ ಲಾಟ್ವಿಯದ ‘ಫ್ಲೋ’ ಚಿತ್ರವು ಆ ತಂತ್ರಾಂಶದಲ್ಲಿಯೇ ರಚಿತವಾದುದು.

ಬರಹಗಾರರಿಗೂ ಸಂಶೋಧಕರಿಗೂ ಹೆಚ್ಚು ನಿಕಟವಾದುದು ಕಚೇರಿಯ ತಂತ್ರಾಂಶ. ಎಂದರೆ ಬರೆಯುವುದಕ್ಕೆ, ಲೆಕ್ಕವಿಡುವುದಕ್ಕೆ ಬಳಸುವ ತಂತ್ರಾಂಶಗಳ ಕಟ್ಟು. ಇಲ್ಲಿ ಮೈಕ್ರೋಸಾಫ್ಟ್ ಆಫೀಸ್ ಏಕಚ್ಛತ್ರಾಧಿಪತ್ಯವನ್ನು ಪಡೆದಿದ್ದಾಗ ಎದುರು ನಿಂತುದು ಜರ್ಮನಿಯ ಸ್ಟಾರ್‌ಆಫೀಸ್. ಅಮೆರಿಕದ ಸನ್ ಸಂಸ್ಥೆಯು ೧೯೯೯ರಲ್ಲಿ ಅದನ್ನು ಕೊಂಡು, ೨೦೦೦ದಲ್ಲಿ ಮೂಲಸಂಕೇತವನ್ನು ಓಪನ್‌ಆಫೀಸ್ ಎಂಬ ಹೆಸರಿನಿಂದ ಲೋಕಕ್ಕೆ ತೆರೆದಿಟ್ಟಿತು. ೨೦೧೦ರಲ್ಲಿ ಸನ್ ಸಂಸ್ಥೆಯು ಆರಕಲ್ ಸಂಸ್ಥೆಯ ಕೈಸೇರಿತು. ಹೊಸ ಯಜಮಾನರ ಧೋರಣೆಯಲ್ಲಿ ನಂಬಿಕೆ ಸಾಲದೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಳಗದ ಬಹುಮಂದಿ ಸಂಕೇತದ ಪ್ರತಿಯನ್ನು ತೆಗೆದುಕೊಂಡು ಹೊರನಡೆದು ‘ದ ಡಾಕ್ಯುಮೆಂಟ್ ಫೌಂಡೇಷನ್’ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿದರು. ತಂತ್ರಾಂಶಕ್ಕೆ ಲಿಬ್ರೆಆಫೀಸ್ ಎಂದು ಹೆಸರಿಟ್ಟರು. ಯಜಮಾನನು ಬದಲಾದಾಗ ಒಕ್ಕಲು ಹೊಲವನ್ನೇ ಹೊತ್ತುಕೊಂಡು ಹೋಗುವಂತಿದ್ದರೆ ಹೇಗೋ ಹಾಗೆ. ಮುಚ್ಚಿದ ತಂತ್ರಾಂಶದಲ್ಲಿ ಇಂತಹುದು ಅಸಾಧ್ಯ. ಹೊರನಡೆಯುವ ಸಾಧ್ಯತೆ ಇದೆಯೆಂಬುದೇ ಯಜಮಾನನನ್ನು ಹದ್ದಿನಲ್ಲಿಡುತ್ತದೆ; ಪರವಾನಗಿಪತ್ರದ ನಿಜವಾದ ಬೆಲೆ ಕಾಣುವುದು ಇಂತಹ ಸಂದರ್ಭದಲ್ಲಿ.

ತಂತ್ರಾಂಶಕ್ಕಿಂತಲೂ ಆಳವಾದ ಪ್ರಶ್ನೆ ಕಡತದ ವಿನ್ಯಾಸದ್ದು. ಬರೆದ ಲೇಖನವು ಯಂತ್ರದಲ್ಲಿ ಯಾವ ಕ್ರಮದಿಂದ ಶೇಖರವಾಗಿದೆಯೆಂಬುದನ್ನು ಒಂದು ಸಂಸ್ಥೆ ಮಾತ್ರ ಬಲ್ಲುದಾದರೆ, ಆ ಲೇಖನದ ಬೀಗದ ಕೈ ಆ ಸಂಸ್ಥೆಯಲ್ಲಿರುತ್ತದೆ. ಎಲ್ಲರಿಗೂ ತಿಳಿದಿರುವ, ಯಾರು ಬೇಕಾದರೂ ಅನುಸರಿಸಬಹುದಾದ ವಿನ್ಯಾಸವಿರಬೇಕೆಂಬ ಪ್ರಯತ್ನದಿಂದ ಹುಟ್ಟಿದುದು ಓಡಿಎಫ್. ೨೦೦೬ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟ್ ತನ್ನದೇ ವಿನ್ಯಾಸವನ್ನೂ ಮಾನಕವೆಂದು ಅಂಗೀಕರಿಸಬೇಕೆಂದು ಮುಂದಿಟ್ಟಿತು. ಅದರ ವಿವರಣೆಯೇ ಆರು ಸಾವಿರ ಪುಟಗಳನ್ನು ಮೀರಿದ್ದಿತು. ಅದರಲ್ಲಿ ಒಂದು ವಿನೋದದ ಸಂಗತಿಯಿದೆ. ಗ್ರೆಗೋರಿಯನ್ ಗಣನೆಯ ಪ್ರಕಾರ ೧೯೦೦ ಅಧಿಕವರ್ಷವಲ್ಲ. ಆದರೆ ಲೋಟಸ್ ಎಂಬ ಹಳೆಯ ಲೆಕ್ಕದ ತಂತ್ರಾಂಶದಲ್ಲಿ ಅದನ್ನು ಅಧಿಕವರ್ಷವೆಂದೇ ಎಣಿಸಲಾಗಿತ್ತು. ಅದರ ಕಡತಗಳೊಡನೆ ಹೊಂದಿಕೆಯಾಗಲೆಂದು ಎಕ್ಸೆಲ್ ಆ ತಪ್ಪನ್ನು ಉಳಿಸಿಕೊಂಡಿತು. ಪ್ರಸ್ತಾವನೆಯ ಮೊದಲ ರೂಪವು ಅದನ್ನು ಲೋಕದ ಮಾನಕವನ್ನಾಗಿಯೇ ಮಾಡಹೊರಟಿತು. ಇಲ್ಲದ ಫೆಬ್ರವರಿ ೨೯ನ್ನು ಪಂಚಾಂಗಕ್ಕೆ ಸೇರಿಸಲು ಯಾವ ಜೋಯಿಸನೂ ಒಪ್ಪನು.

೨೦೦೭ರ ಸೆಪ್ಟೆಂಬರಿನ ಮತದಾನದಲ್ಲಿ ಪ್ರಸ್ತಾವನೆಗೆ ಸಾಕಷ್ಟು ಬೆಂಬಲ ದೊರೆಯಲಿಲ್ಲ. ತಿದ್ದುಪಡಿಗಳಾದ ಮೇಲೆ ೨೦೦೮ರಲ್ಲಿ ಅದು ಅಂಗೀಕೃತವಾಯಿತು. ಭಾರತವು ಎರಡು ಸಲವೂ ವಿರೋಧವಾಗಿಯೇ ನಿಂತಿತು. ಅಷ್ಟೇ ಅಲ್ಲ, ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲಗಳೊಡನೆ ಸೇರಿ ನಿರ್ಣಯದ ಮೇಲೆ ಮನವಿಯನ್ನೂ ಸಲ್ಲಿಸಿತು, ಅದು ತಿರಸ್ಕೃತವಾಯಿತು. ಮುಂದೆ ೨೦೧೦ರಲ್ಲಿ ಮುಕ್ತ ಮಾನಕಗಳ ಬಗೆಗೂ ೨೦೧೫ರಲ್ಲಿ ಮುಕ್ತ ತಂತ್ರಾಂಶದ ಬಗೆಗೂ ಕೇಂದ್ರ ಸರ್ಕಾರವು ನೀತಿಗಳನ್ನು ಪ್ರಕಟಿಸಿತು. ನೀತಿಪತ್ರಕ್ಕೂ ಕಚೇರಿಯ ಮೇಜಿಗೂ ನಡುವಣ ದೂರವು ಭಾರತದಲ್ಲಿ ಎಷ್ಟೆಂಬುದು ವಾಚಕರಿಗೆ ತಿಳಿಯದುದಲ್ಲ. ಕೇರಳದ ಸರ್ಕಾರಿ ಶಾಲೆಗಳು ಮಾತ್ರ ಗಣಕಶಿಕ್ಷಣವನ್ನು ಮುಕ್ತ ತಂತ್ರಾಂಶದಲ್ಲಿಯೇ ನಡೆಸಿ ದಾರಿ ತೋರಿಸಿವೆ.

ಕನ್ನಡದ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಯುನಿಕೋಡ್ ಬಳಕೆಗೆ ಬರುವ ಮುನ್ನ ಗಣಕದ ಅಕ್ಷರಮಾಲೆಯಲ್ಲಿದ್ದುದು ೨೫೬ ಸ್ಥಾನಗಳು. ಕನ್ನಡದ ಫಾಂಟುಗಳನ್ನು ರಚಿಸಿದವರು ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಆ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಕೂರಿಸಿದರು. ಯಂತ್ರದ ಕಣ್ಣಿಗೆ ಅದು ಕನ್ನಡವಾಗಿರಲೇ ಇಲ್ಲ. ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳಾಗಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿಯೊಂದು ಕಾಣುತ್ತಿತ್ತು. ಯಾವ ತುಂಡು ಯಾವ ಸ್ಥಾನದಲ್ಲಿರಬೇಕೆಂಬ ಒಪ್ಪಂದವೂ ಮೊದಲಿಗೆ ಇರಲಿಲ್ಲವಾಗಿ, ಶ್ರೀಲಿಪಿಯಲ್ಲಿ ಜೋಡಿಸಿದ ಲೇಖನವು ಆಕೃತಿಯಲ್ಲಿ ತೆರೆಯದು. ೧೯೯೮ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಇವುಗಳಿಂದ ಕನ್ನಡದಲ್ಲಿ ಬೆರಳಚ್ಚಿಸುವುದು ಮನೆಮನೆಗೆ ತಲಪಿತು. ಆ ಉಪಕಾರ ದೊಡ್ಡದು. ಸಂಕೇತದ ಗೊಂದಲವಾದರೋ ಉಳಿದೇ ಇತ್ತು.

ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳ ಕನ್ನಡ ಸಂಘಗಳಿಗೆ ಇದರ ಪರಿಣಾಮವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ೧೯೯೦ರ ದಶಕದಿಂದ ಹದಿನೈದು ಇಪ್ಪತ್ತು ವರ್ಷಗಳ ಕಾಲ ಹೊರನಾಡಿನಲ್ಲಿ ಅಚ್ಚಾದ ಸ್ಮರಣಸಂಚಿಕೆ, ಅಭಿನಂದನಗ್ರಂಥ, ಪ್ರಬಂಧಗಳ ಗಣಕಪ್ರತಿಗಳಲ್ಲಿ ಬಹುಪಾಲು ಇಂತಹ ಫಾಂಟುಗಳಲ್ಲಿಯೇ ಸಿದ್ಧವಾದುವು. ಅಚ್ಚಿನ ಪ್ರತಿ ಉಳಿದಿದ್ದರೆ ಕೃತಿ ಉಳಿದಿದೆ. ಅಚ್ಚಾಗದೆ ಕಡತದಲ್ಲಿಯೇ ಉಳಿದ ಬರಹವು, ಬೀಗದ ಕೈ ಕಳೆದ ಪೆಟ್ಟಿಗೆಯಲ್ಲಿದೆ. ಅರವತ್ತು ವರ್ಷಗಳ ಹಿಂದಿನ ಮೊಳೆಯಚ್ಚಿನ ಪುಸ್ತಕವನ್ನು ಸಲೀಸಾಗಿ ಓದುವವರು ಇಪ್ಪತ್ತೈದು ವರ್ಷಗಳ ಹಿಂದಿನ ಕಡತದ ಮುಂದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿರುವುದು ವಿಚಿತ್ರವಾದರೂ ನಿಜ.

ಯುನಿಕೋಡ್ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. ಆದರೆ ಸ್ಥಾನಗಳಿದ್ದ ಮಾತ್ರಕ್ಕೆ ಕನ್ನಡವು ಕನ್ನಡವಾಗಿ ಕಾಣದು. ವ್ಯಂಜನ, ಒತ್ತು, ಸ್ವರಚಿಹ್ನೆಗಳನ್ನು ಕೂಡಿಸಿ ಸರಿಯಾದ ಆಕಾರವನ್ನು ರಚಿಸುವ ತಂತ್ರಾಂಶವೂ, ಆ ಆಕಾರಗಳುಳ್ಳ ಫಾಂಟೂ ಬೇಕು. ಮೊದಲನೆಯ ಕೆಲಸವನ್ನು ಇಂದು ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಎರಡನೆಯದಕ್ಕೆ ರೆಡ್ ಹ್ಯಾಟ್ ಸಂಸ್ಥೆ ಬಿಡುಗಡೆಮಾಡಿದ ‘ಲೋಹಿತ್’, ಕನ್ನಡಿಗ ಉತ್ಸಾಹಿಗಳು ರಚಿಸಿದ ‘ಗುಬ್ಬಿ’, ‘ನವಿಲು’ ಮೊದಲಾದುವು ಇವೆ. ಒತ್ತಕ್ಷರವೊಂದು ತಪ್ಪಾಗಿ ಮೂಡಿದರೆ ಮುಚ್ಚಿದ ತಂತ್ರಾಂಶದಲ್ಲಿ ಕಂಪೆನಿಯ ಕೃಪೆಗಾಗಿ ಕಾಯಬೇಕು. ಕನ್ನಡದ ಮಾರುಕಟ್ಟೆ ಅದಕ್ಕೆ ಲಾಭಕರವೆಂದು ತೋರದಿದ್ದರೆ ಕಾಯುವುದೊಂದೇ ಗತಿ. ಮುಕ್ತ ತಂತ್ರಾಂಶದಲ್ಲಿ ತಿಳಿದವರೊಬ್ಬರಿದ್ದರೆ ಸಾಕು, ತಿದ್ದಬಹುದು.

ತಿಳಿದವರೊಬ್ಬರು ಇರಬೇಕೆಂಬಲ್ಲಿಯೇ ತೊಡಕೂ ಇದೆ. ಮುಕ್ತ ತಂತ್ರಾಂಶದ ಪ್ರಚಾರಕರು ಕೆಲವು ಸಲ ಭಕ್ತರಂತೆ ಮಾತನಾಡುವುದುಂಟು. ಅನುಭವವು ಅಷ್ಟು ಸರಳವಾಗಿಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆಯು ೨೦೦೩ರಲ್ಲಿ ಲಿನಕ್ಸಿಗೆ ಹೊರಳಲು ನಿಶ್ಚಯಿಸಿದಾಗ ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರರು ಸ್ವತಃ ಮೇಯರನ್ನು ಕಂಡು ಮನವೊಲಿಸಲು ನೋಡಿದರು. ಸಭೆ ಜಗ್ಗಲಿಲ್ಲ, ೨೦೧೩ರ ಹೊತ್ತಿಗೆ ಸುಮಾರು ೧೫,೦೦೦ ಗಣಕಗಳು ಬದಲಾದುವು. ೨೦೧೭ರಲ್ಲಿ ಅದೇ ಸಭೆ, ನೌಕರರ ದೂರುಗಳ ನಡುವೆ, ವಿಂಡೋಸಿಗೆ ಮರಳಲು ನಿರ್ಣಯಿಸಿತು. ಅದೇ ದೇಶದ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ ೨೦೨೪ರಲ್ಲಿ ತನ್ನ ಸುಮಾರು ೩೦,೦೦೦ ಗಣಕಗಳನ್ನು ಲಿಬ್ರೆಆಫೀಸಿಗೆ ಬದಲಿಸುವ ತೀರ್ಮಾನ ಕೈಕೊಂಡಿತು. ತಂತ್ರಾಂಶದ ಗುಣಾವಗುಣಗಳಿಗಿಂತ ಅಭ್ಯಾಸ, ತರಬೇತಿ, ಆಡಳಿತದ ಮನಸ್ಸು ಇವುಗಳ ಭಾರವೇ ಇಲ್ಲಿ ಹೆಚ್ಚೆಂದು ತೋರುತ್ತದೆ.

ಇನ್ನೊಂದು ದೌರ್ಬಲ್ಯವು ಹೆಚ್ಚು ಗಂಭೀರ. ಎಲ್ಲರೂ ಬಳಸುವ ತಂತ್ರಾಂಶವನ್ನು ನೋಡಿಕೊಳ್ಳುವವರು ಎಷ್ಟೋ ಸಲ ಒಬ್ಬಿಬ್ಬರು, ಅವರೂ ಸಂಬಳವಿಲ್ಲದವರು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶ ಅಂತಹುದು. ದಣಿದಿದ್ದ ಅದರ ಪಾಲಕನಿಗೆ ನೆರವಾಗುವ ನೆಪದಿಂದ ಅಪರಿಚಿತನೊಬ್ಬನು ಎರಡು ವರ್ಷಗಳಿಗೂ ಮಿಕ್ಕಿ ದುಡಿದು ವಿಶ್ವಾಸ ಗಳಿಸಿ, ಕೊನೆಗೆ ಗುಪ್ತದ್ವಾರವೊಂದನ್ನು ಅದರಲ್ಲಿ ಸೇರಿಸಿದನು. ೨೦೨೪ರ ಮಾರ್ಚಿನಲ್ಲಿ ಅದನ್ನು ಹೊರಗೆಡಹಿದವರು ಆಂಡ್ರೆಸ್ ಫ್ರೋಯಿಂಡ್. ಯಂತ್ರದೊಳಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಕ್ಷಣದ ವಿಳಂಬ ಕಂಡು, ಬಿಡದೆ ಬೆನ್ನಟ್ಟಿ ಹೋದುದರ ಫಲ ಅದು. ಒಳಗನ್ನು ಬಿಚ್ಚಿ ನೋಡುವ ಅವಕಾಶವಿದ್ದುದರಿಂದಲೇ ಮೋಸ ಬಯಲಾಯಿತೆಂದು ಮುಕ್ತಪಂಥದವರು ಹೇಳುವುದು ಸರಿ. ಒಬ್ಬರ ಕಣ್ಣಿಗೆ ಅಕಸ್ಮಾತ್ತಾಗಿ ಬೀಳದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಯೂ ಅಷ್ಟೇ ಸರಿ. ಫ್ರೋಯಿಂಡರು ಆಗ ಕೆಲಸದಲ್ಲಿದ್ದುದು ಮೈಕ್ರೋಸಾಫ್ಟಿನಲ್ಲಿ ಎಂಬುದನ್ನೂ ಸೇರಿಸಿ ಹೇಳಿದರೆ, ಈ ಕಥೆಯನ್ನು ಎರಡು ಪಕ್ಷಗಳ ಯುದ್ಧವೆಂದು ಬಣ್ಣಿಸುವುದು ಎಷ್ಟು ಅಸಮರ್ಪಕವೆಂಬುದು ಸ್ಪಷ್ಟವಾಗುತ್ತದೆ.

ಹಳೆಯ ಕನ್ನಡ ಕಡತಗಳ ಉದ್ಧಾರಕ್ಕೆ ಈಗ ಪರಿವರ್ತಕ ತಂತ್ರಾಂಶಗಳು ಲಭ್ಯವಿವೆ. ಅವುಗಳಲ್ಲಿ ಮೂಲಸಂಕೇತವನ್ನು ತೆರೆದಿಟ್ಟವೂ ಉಂಟು. ಹಳೆಯ ಫಾಂಟಿನ ಪ್ರತಿಯೊಂದು ತುಂಡಿಗೆ ಯುನಿಕೋಡಿನಲ್ಲಿ ಸಮನಾದ ಅಕ್ಷರವನ್ನು ಹೊಂದಿಸುವ ಕೋಷ್ಟಕವೇ ಅವುಗಳ ಜೀವಾಳ. ಕೆಲಸ ಮೇಲುನೋಟಕ್ಕೆ ಕಾಣುವಷ್ಟು ಯಾಂತ್ರಿಕವಲ್ಲ. ‘ಧರ್ಮ’ ಎಂದು ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಕಾಣುವುದು ಮಕಾರದ ಅನಂತರ. ಹಳೆಯ ಫಾಂಟುಗಳಲ್ಲಿ ಅದನ್ನು ಶೇಖರಿಸಿದ್ದೂ ಹಾಗೆಯೇ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫೆಯು ಮೊದಲು ಬರಬೇಕು. ಆದುದರಿಂದ ಪರಿವರ್ತಕವು ಅಕ್ಷರವನ್ನು ಬದಲಿಸುವುದಷ್ಟೇ ಅಲ್ಲದೆ ಸ್ಥಾನಪಲ್ಲಟವನ್ನೂ ಮಾಡಬೇಕಾಗುತ್ತದೆ. ನಡುವೆ ಇಂಗ್ಲಿಷ್ ಮಾತುಗಳಿದ್ದರೆ ಅವೂ ಕನ್ನಡವೆಂಬ ಭ್ರಮೆಯಿಂದ ವಿಕಾರಗೊಳ್ಳುತ್ತವೆ. ಪರಿವರ್ತಿತ ಪ್ರತಿಯನ್ನು ಅಚ್ಚಿನ ಪ್ರತಿಯೊಡನೆ ಸಾಲು ಸಾಲಾಗಿ ಒಪ್ಪನೋಡುವ ಕೆಲಸವು ಹಸ್ತಪ್ರತಿಗಳ ಪಾಠಾಂತರ ನೋಡುವವರ ಶಿಸ್ತನ್ನೇ ಬೇಡುತ್ತದೆ. ಹಾಗೆ ಸಿಕ್ಕ ತಪ್ಪುಗಳನ್ನು ಕೋಷ್ಟಕಕ್ಕೆ ಸೇರಿಸಿದರೆ ಅದೇ ಫಾಂಟಿನಲ್ಲಿ ಬರೆದ ಮುಂದಿನ ಕಡತದಲ್ಲಿ, ಅದು ಯಾವ ಊರಿನ ಯಾವ ಸಂಘದ್ದಾದರೂ, ಅವು ಮತ್ತೆ ತಲೆದೋರುವುದಿಲ್ಲ.